ಪುಟಾಣಿ ಗೊಂಬೆಮನೆ ಸಾಮಾನಿನ ಆನ್‌ಲೈನ್ ಅಂಗಡಿ: ಅಳತೆಪಟ್ಟಿಯಿಂದ ಅಂಚೆಯವರೆಗೆ

ನನ್ನ ಅಂಗಡಿಯಿಂದ ಹೋದ ಮೊದಲ ಹತ್ತು ಆರ್ಡರ್‌ಗಳಲ್ಲಿ ಒಂದು ವಾಪಸ್ ಬಂತು. ಅದು ಒರಳುಕಲ್ಲು. ತೆಗೆದುಕೊಂಡವರು ಫೋನ್ ಮಾಡಿದರು. "ಏನಮ್ಮಾ, ಇದರಲ್ಲಿ ಒಂದು ಮೆಣಸಿನಕಾಯಿ ಕೂಡ ಹಿಡಿಯಲ್ಲವಲ್ಲ, ಚಟ್ನಿ ಹೇಗೆ ರುಬ್ಬೋದು?" 350 ರೂಪಾಯಿಗೆ ನಿಜವಾದ ಒರಳುಕಲ್ಲು ಮನೆಬಾಗಿಲಿಗೆ ಬರುತ್ತದೆ ಅಂದುಕೊಂಡಿದ್ದರು, ಪಾಪ. ತಪ್ಪು ಅವರದ್ದಲ್ಲ. ಫೋಟೊದಲ್ಲಿ ಕಲ್ಲು ಅಷ್ಟು ಚೆನ್ನಾಗಿ ಬಂದಿತ್ತು. ಅಳತೆ ಮಾತ್ರ ವಿವರಣೆಯ ಕೊನೆಯ ಸಾಲಿನಲ್ಲಿ ಅಡಗಿ ಕೂತಿತ್ತು.

ಆವತ್ತಿನಿಂದ ನನ್ನ ಅಂಗಡಿಯಲ್ಲಿ ಎಲ್ಲ ಕೆಲಸವೂ ಅಳತೆಪಟ್ಟಿಯಿಂದಲೇ ಶುರು. ಏನು ಮಾಡಬೇಕು, ಎಷ್ಟಕ್ಕೆ ಮಾರಬೇಕು, ಫೋಟೊ ಹೇಗೆ ತೆಗೆಯಬೇಕು, ಯಾವ ಡಬ್ಬಿಯಲ್ಲಿ ಕಳುಹಿಸಬೇಕು ಎಲ್ಲಕ್ಕೂ ಅದೇ ಮೂಲ. ಕೈಚಳಕ ಇರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂಗಡಿ ನಿಲ್ಲದೆ ಹೋಗುವುದು ಹೆಚ್ಚಾಗಿ ಈ ಲೆಕ್ಕ ತಪ್ಪಿದಾಗ.

ಮೊದಲು ಒಂದು ಸ್ಕೇಲ್ ಹಿಡಿಯಿರಿ

ಸ್ಕೇಲ್ ಎಂದರೆ ನಿಜವಾದ ವಸ್ತುವಿಗೂ ಪುಟಾಣಿಗೂ ನಡುವಿನ ಅಳತೆಯ ಅನುಪಾತ. ಗೊಂಬೆಮನೆ ಸಂಗ್ರಹಿಸುವವರ ಲೋಕದಲ್ಲಿ ಜಾಸ್ತಿ ನಡೆಯುವುದು 1:12. ಅಂದರೆ ನಿಜವಾದ ಒಂದು ಅಡಿ ಇಲ್ಲಿ ಒಂದು ಇಂಚು. ನಮ್ಮ ಹೊಸ ದೆಹಲಿಯನ್ನು ವಿನ್ಯಾಸ ಮಾಡಿದ ಲಟ್ಯೆನ್ಸ್ ಅವರೇ 1921ರಿಂದ 1924ರ ನಡುವೆ ಇಂಗ್ಲೆಂಡಿನ ರಾಣಿ ಮೇರಿಗೆ ಒಂದು ಗೊಂಬೆಮನೆ ಮಾಡಿಸಿಕೊಟ್ಟರು. ಅದೂ 1:12. ಅದರಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುವ ವ್ಯವಸ್ಥೆ ಇದೆ, ವಿದ್ಯುತ್ ದೀಪ ಇದೆ. ಈಗಲೂ ವಿಂಡ್ಸರ್ ಅರಮನೆಯಲ್ಲಿ ನೋಡಬಹುದು. 1:24, 1:48 ಇನ್ನೂ ಚಿಕ್ಕವು. ಬಾರ್ಬಿ ಗೊಂಬೆಗೆ ಹೊಂದುವುದು 1:6, ಏಕೆಂದರೆ ಅವಳ ಎತ್ತರವೇ ಹನ್ನೊಂದೂವರೆ ಇಂಚು.

ಹೊಸಬರಿಗೆ 1:12 ಸಾಕು. ಲೆಕ್ಕ ಸುಲಭ. ನಿಜವಾದ ವಸ್ತುವನ್ನು ಮಿಲಿಮೀಟರಿನಲ್ಲಿ ಅಳೆದು 12ರಿಂದ ಭಾಗಿಸಿ. ನನ್ನ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿಕೊಂಡಿದ್ದೇನೆ:

ಏಳು ಅಡಿ ಬಾಗಿಲು: 178 ಮಿ.ಮೀ.
30 ಸೆಂ.ಮೀ. ಊಟದ ತಟ್ಟೆ, ಮಸಾಲೆ ದೋಸೆ: 25 ಮಿ.ಮೀ.
24 ಸೆಂ.ಮೀ. ಜೋಳದ ರೊಟ್ಟಿ: 20 ಮಿ.ಮೀ.
18 ಸೆಂ.ಮೀ. ಕಾಫಿ ಫಿಲ್ಟರ್: 15 ಮಿ.ಮೀ.
9 ಸೆಂ.ಮೀ. ಲೋಟ, ಅಷ್ಟೇ ಅಗಲದ ರಾಗಿ ಮುದ್ದೆ: 7.5 ಮಿ.ಮೀ.
8 ಸೆಂ.ಮೀ. ಇಡ್ಲಿ: 6.5 ಮಿ.ಮೀ.ಗೆ ಸ್ವಲ್ಪ ಜಾಸ್ತಿ

ಕಣ್ಣಳತೆಯಲ್ಲಿ ಮಾಡಿದರೆ ಎಲ್ಲವೂ ದಪ್ಪವಾಗುತ್ತದೆ. ತಟ್ಟೆಯ ಅಂಚು ನಿಜದಲ್ಲಿ ಒಂದು ಮಿ.ಮೀ.ಗಿಂತ ತೆಳು. ಅದನ್ನು 12ರಿಂದ ಭಾಗಿಸಿದರೆ ಕಾಗದಕ್ಕಿಂತ ತೆಳ್ಳಗಾಗಬೇಕು. ಅಷ್ಟು ಆಗುವುದಿಲ್ಲ, ಸರಿ. ಆದರೆ ಎಷ್ಟು ತೆಳು ಮಾಡುತ್ತೀರೋ ಅಷ್ಟು ನಿಜ ಅನಿಸುತ್ತದೆ. ವಸ್ತುವನ್ನು ನಡುವೆ ಹಿಡಿದು ಮಿ.ಮೀ.ನ ಭಾಗದವರೆಗೂ ಅಳೆಯುವ ಒಂದು ಡಿಜಿಟಲ್ ಕ್ಯಾಲಿಪರ್ ತೆಗೆದುಕೊಳ್ಳಿ. ಈ ಕೆಲಸದಲ್ಲಿ ನಾನು ಕೊಂಡ ಸಾಮಾನುಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ದಸರಾ ಗೊಂಬೆ ಕೂರಿಸುವವರ ವಿಷಯ ಬೇರೆ. ಪಟ್ಟದ ಗೊಂಬೆ ಒಂದಳತೆ, ಅಂಗಡಿ ಇಟ್ಟು ಕೂತ ಶೆಟ್ಟಿ ದಂಪತಿ ಇನ್ನೊಂದಳತೆ, ಮಕ್ಕಳ ಪಾರ್ಕಿನ ಗೊಂಬೆಗಳು ಮತ್ತೊಂದು. ಅಲ್ಲಿ ಸ್ಕೇಲ್ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. "ನಿಮ್ಮ ಶೆಟ್ಟಿ ಗೊಂಬೆ ಎಷ್ಟು ಎತ್ತರ ಇದೆ? ಅಳೆದು ಹೇಳಿ" ಎಂದು ನಾವೇ ಕೇಳಬೇಕು. ಕೂತ ಗೊಂಬೆ 5 ಇಂಚು ಇದ್ದರೆ 1:12ರ ತಕ್ಕಡಿ ಅದರ ಮುಂದೆ ಆಟಿಕೆಗೂ ಆಟಿಕೆಯ ಹಾಗೆ ಕಾಣುತ್ತದೆ.

ಒಂದೇ ಕೋಣೆಯಿಂದ ಶುರು ಮಾಡಿ

ಮೊದಲ ವರ್ಷ ನಾನು ಎಲ್ಲವನ್ನೂ ಮಾಡಿದೆ. ಕೇಕು, ಪಿಜ್ಜಾ, ಪುಸ್ತಕದ ಕಪಾಟು, ಕ್ಯಾಕ್ಟಸ್ ಕುಂಡ. ಅಂಗಡಿ ಸಂತೆಯ ಹಾಗೆ ಕಾಣುತ್ತಿತ್ತು. ಪುಟ್ಟ ಪಿಜ್ಜಾ ಮಾಡುವವರು ಪ್ರಪಂಚದಲ್ಲಿ ಸಾವಿರಾರು ಜನ ಇದ್ದಾರೆ, ಅದೂ ನನಗಿಂತ ಚೆನ್ನಾಗಿ ಮಾಡುವವರು. ಆದರೆ ಸೌದೆ ಒಲೆ, ಮಜ್ಜಿಗೆ ಕಡೆಯುವ ಕಡಗೋಲು, ಈಳಿಗೆ ಮಣೆ, ಒತ್ತು ಶ್ಯಾವಿಗೆ ಒರಳು, ನೀರು ಕಾಯಿಸುವ ಹಂಡೆ ಮಾಡುವವರು ಎಷ್ಟು ಜನ? ನಾನು ಒಂದೇ ಕೋಣೆಗೆ ಬಂದೆ: ಹಳೆಯ ಅಡುಗೆಮನೆ. ಒಂದು ಸಾಮಾನು ಕೊಂಡವರು ಅದರ ಜೊತೆಗೆ ಹೊಂದುವ ಇನ್ನೊಂದಕ್ಕೆ ತಾವಾಗಿಯೇ ವಾಪಸ್ ಬರತೊಡಗಿದರು. ಒಲೆ ಕೊಂಡವರಿಗೆ ಊದುಗೊಳವೆ ಬೇಡವೇ?

ನಿಮ್ಮ ಕೋಣೆ ಬೇರೆ ಇರಬಹುದು. ತೊಟ್ಟಿಮನೆಯ ಜಗಲಿ, ದೇವರ ಕೋಣೆ, ದರ್ಶಿನಿ ಹೋಟೆಲಿನ ಕೌಂಟರ್, ಕಿರಾಣಿ ಅಂಗಡಿ. ನಿಮಗೆ ಒಳಹೊರಗು ಗೊತ್ತಿರುವ ಜಾಗವಾಗಿರಲಿ. ನೋಡದ ವಸ್ತುವನ್ನು ಇಂಟರ್‌ನೆಟ್ ಚಿತ್ರ ನೋಡಿ ಮಾಡಿದರೆ ಹಿಂಬದಿ ಎಲ್ಲೋ ತಪ್ಪಿರುತ್ತದೆ. ಅದನ್ನು ಹಿಡಿಯುವ ಅಜ್ಜಿ ಒಬ್ಬರು ಇದ್ದೇ ಇರುತ್ತಾರೆ.

ಒಂದು ಎಚ್ಚರಿಕೆ. ಚನ್ನಪಟ್ಟಣದ ಆಟಿಕೆ, ಕಿನ್ನಾಳದ ಗೊಂಬೆ ಎರಡಕ್ಕೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಇದೆ, ಅಂದರೆ ಆ ಹೆಸರು ಆ ಊರಿನ ಕೆಲಸಕ್ಕೇ ಮೀಸಲು. ಆಲೆ ಮರವನ್ನು ತಿರುಗುವ ಚರಕಿಗೆ ಹಾಕಿ ಕಡೆದು ಅರಗು ಹಚ್ಚುವ ಚನ್ನಪಟ್ಟಣದವರ ಹೆಸರನ್ನಾಗಲಿ ಕಿನ್ನಾಳದವರ ಹೆಸರನ್ನಾಗಲಿ ನಿಮ್ಮ ಮನೆಯಲ್ಲಿ ಮಾಡಿದ ವಸ್ತುವಿಗೆ ಅಂಟಿಸಬೇಡಿ. ಚನ್ನಪಟ್ಟಣದಿಂದಲೇ ಪುಟ್ಟ ಪಾತ್ರೆ ತರಿಸಿ ನಿಮ್ಮ ಸೆಟ್ಟಿನಲ್ಲಿ ಸೇರಿಸಿದ್ದರೆ ಅದನ್ನು ಹಾಗೆಯೇ ಬರೆಯಿರಿ. ಹಾಗೆಯೇ ಹೆಸರಾಂತ ಬಿಸ್ಕತ್ತಿನ ಪೊಟ್ಟಣ, ಸೋಪಿನ ಡಬ್ಬಿಗಳನ್ನು ಲೋಗೊ ಸಮೇತ ಮಾಡಿ ಮಾರುವುದು ಟ್ರೇಡ್‌ಮಾರ್ಕ್ ತಂಟೆ. ಮನೆಗೆ ಮಾಡಿಟ್ಟುಕೊಳ್ಳಿ, ಅಂಗಡಿಗೆ ಬೇಡ.

ಸಾಮಾನು, ಮತ್ತು ಸಾಸಿವೆಯ ಸಮಸ್ಯೆ

ಗಾಳಿಗೇ ಒಣಗಿ ಗಟ್ಟಿಯಾಗುವ ಏರ್ ಡ್ರೈ ಕ್ಲೇ ಅಗ್ಗ, ಬೇಯಿಸಬೇಕಿಲ್ಲ. ಆದರೆ ಒಣಗುವಾಗ ಕುಗ್ಗುತ್ತದೆ. 25 ಮಿ.ಮೀ. ತಟ್ಟೆ ಬೇಕಿದ್ದರೆ ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಿ. ಎಷ್ಟು ದೊಡ್ಡದು ಎನ್ನುವುದು ಕ್ಲೇ ಮೇಲೆ ಹೋಗುತ್ತದೆ. ಒಂದು ತುಂಡು ಒಣಗಿಸಿ ಮೊದಲು, ಆಮೇಲೆ ಅಳೆದು ನೋಡಿ. ಮಳೆಗಾಲದಲ್ಲಿ ಒಂದು ದಿನದ ಕೆಲಸ ಮೂರು ದಿನವಾಗುತ್ತದೆ. ಬೇಗ ಆಗಲಿ ಎಂದು ಬಿಸಿಲಿಗೋ ಫ್ಯಾನ್ ಕೆಳಗೋ ಇಟ್ಟರೆ ಬಿರುಕು.

ಪಾಲಿಮರ್ ಕ್ಲೇಯಲ್ಲಿ ಸಣ್ಣ ವಿವರ ಚೆನ್ನಾಗಿ ನಿಲ್ಲುತ್ತದೆ. ಬ್ರ್ಯಾಂಡ್ ನೋಡಿಕೊಂಡು 110ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಬೇಕು. ಮನೆಯ ಓಟಿಜಿಯ (ಸಣ್ಣ ವಿದ್ಯುತ್ ಓವನ್) ಗುಂಡಿಯಲ್ಲಿ ತೋರಿಸುವ ಡಿಗ್ರಿಯನ್ನು ನಂಬಬೇಡಿ. ಒಳಗೆ ಇಡುವ ಸಣ್ಣ ಓವನ್ ಥರ್ಮಾಮೀಟರ್ ಸಿಗುತ್ತದೆ, ಅದನ್ನು ಇಡಿ. ಈ ಕ್ಲೇ ಪಿವಿಸಿ ಪ್ಲಾಸ್ಟಿಕ್ ಆಧಾರದ ವಸ್ತು, ಸುಟ್ಟರೆ ಬರುವ ಹೊಗೆ ಕೆಟ್ಟದ್ದು. ತಿಂಡಿ ಬೇಯಿಸುವ ಓಟಿಜಿಯಲ್ಲೇ ಇದನ್ನೂ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ನಾನು ಹಳೆಯದೊಂದನ್ನು ಇದಕ್ಕೇ ಇಟ್ಟುಕೊಂಡಿದ್ದೇನೆ.

ಉಳಿದದ್ದು ಪೇಟೆಯಲ್ಲಿ ಸಿಗುತ್ತದೆ. ಬೆಂಗಳೂರಿನವರಾದರೆ ಮಣಿ, ಜರಿ, ಸರದ ಬಿಡಿಭಾಗಕ್ಕೆ ಚಿಕ್ಕಪೇಟೆ, ಕಾಗದಕ್ಕೆ ಅವೆನ್ಯೂ ರಸ್ತೆ, ಪುಟ್ಟ ಎಲ್‌ಇಡಿ ದೀಪಕ್ಕೆ ಎಸ್.ಪಿ. ರಸ್ತೆ. ಸರ ಪೋಣಿಸುವವರು ಮಣಿಯ ತುದಿಗೆ ಹಾಕುವ ಲೋಹದ ಟೊಪ್ಪಿ ಇದೆಯಲ್ಲ, ಅದನ್ನು ತಲೆಕೆಳಗೆ ಮಾಡಿದರೆ ಬಟ್ಟಲು. ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕತ್ತರಿಸಿದರೆ ಸ್ಟೀಲ್ ತಟ್ಟೆ. ಅಂಚು ಬ್ಲೇಡಿನಂತಿರುತ್ತದೆ, ಉಪ್ಪುಕಾಗದದಲ್ಲಿ ಉಜ್ಜದೆ ಯಾರಿಗೂ ಕಳುಹಿಸಬೇಡಿ. ಯುವಿ ಬೆಳಕಿಗೆ ಗಟ್ಟಿಯಾಗುವ ಅಂಟುದ್ರವ ಯುವಿ ರೆಸಿನ್ ಬಳಸುವಾಗ ನೈಟ್ರೈಲ್ ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ಬಂದರೆ ಆಮೇಲೆ ಹೋಗುವುದು ಕಷ್ಟ.

ಈಗ ಸಾಸಿವೆಗೆ ಬರೋಣ. ಶೆಟ್ಟಿ ಅಂಗಡಿಯ ಗೊಂಬೆ ಮುಂದೆ ನಿಜವಾದ ಅಕ್ಕಿ, ಬೇಳೆ, ಬೆಲ್ಲ ಇಡುವುದು ನಮ್ಮ ಪದ್ಧತಿ. ಅದು ಗೊಂಬೆ ಹಬ್ಬದಲ್ಲಿ ಚೆಂದ. ಆದರೆ 1:12ರ ಅಡುಗೆಮನೆಯಲ್ಲಿ ಎರಡು ಮಿ.ಮೀ.ನ ಸಾಸಿವೆ ಕಾಳು 24 ಮಿ.ಮೀ. ಲೆಕ್ಕ, ಅಂದರೆ ನೆಲ್ಲಿಕಾಯಿ! ಅಕ್ಕಿಕಾಳು ಸೌತೆಕಾಯಿಯಷ್ಟು ಆಗಿಬಿಡುತ್ತದೆ. ಅರ್ಧ ಮಿ.ಮೀ.ನ ರವೆ ಮಾತ್ರ ಅಕ್ಕಿಯ ಪಾತ್ರಕ್ಕೆ ಸರಿಹೋಗುತ್ತದೆ, ಗಸಗಸೆ ಕಡಲೆಕಾಳಿನ ಪಾತ್ರಕ್ಕೆ. ನಾನೂ ಹಾಗೇ ಮಾಡಿದೆ. ಮೂರು ತಿಂಗಳಿಗೆ ಒಬ್ಬರು ಫೋಟೊ ಕಳುಹಿಸಿದರು. ಪುಟ್ಟ ಅಕ್ಕಿಮೂಟೆಯಲ್ಲಿ ನಿಜವಾದ ಹುಳ. ಆ ಸ್ಕೇಲಿಗೆ ಅದು ಇಲಿಯಷ್ಟು ದೊಡ್ಡದು. ಈಗ ತಿನ್ನುವ ಪದಾರ್ಥ ಯಾವುದನ್ನೂ ಬಳಸುವುದಿಲ್ಲ. ಜರಡಿ ಹಿಡಿದು ತೊಳೆದ ಮರಳಿಗೆ ಬಣ್ಣ ಹಾಕಿ ಅಂಟಿಸುತ್ತೇನೆ.

ಡಜನ್ ಲೆಕ್ಕದಲ್ಲಿ ಮಾಡಿ

ಒಂದೊಂದೇ ಮಾಡುತ್ತಾ ಕೂತರೆ ಖುಷಿಯಾಗುತ್ತದೆ, ದುಡ್ಡಾಗುವುದಿಲ್ಲ. ಒಂದು ಕಾಫಿ ಫಿಲ್ಟರ್ ಸೆಟ್ ಒಂಟಿಯಾಗಿ ಮಾಡಲು ನನಗೆ ಹೆಚ್ಚುಕಡಿಮೆ ಎರಡು ಗಂಟೆ ಬೇಕಿತ್ತು. 12 ಒಟ್ಟಿಗೆ ಮಾಡಿದರೆ ತಲಾ 50 ನಿಮಿಷ. ಒಂದು ದಿನ ಬರೀ ಕತ್ತರಿಸುವುದು, ಮರುದಿನ ಬರೀ ಆಕಾರ, ಆಮೇಲೆ ಒಣಗಿದ್ದನ್ನು ಉಜ್ಜುವುದು, ಬಣ್ಣ, ಕೊನೆಗೆ ವಾರ್ನಿಶ್. ಬಣ್ಣವನ್ನು ಒಮ್ಮೆ ಕಲಸಿದರೆ ಹನ್ನೆರಡಕ್ಕೂ ಅದೇ.

ಬಣ್ಣದ ಬಗ್ಗೆ ಒಂದು ಮಾತು. ಚಿಕ್ಕ ವಸ್ತುವಿಗೆ ನಿಜವಾದ ಬಣ್ಣವನ್ನೇ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಸ್ವಲ್ಪ ಬೂದು ಸೇರಿಸಿ ಮಂಕು ಮಾಡಿ. ಹೊಳಪೂ ಅಷ್ಟೇ. ಮುದ್ದೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್, ಅದರ ಮೇಲೆ ತುಪ್ಪದ ಹನಿ ಇದ್ದರೆ ಅಲ್ಲಿ ಮಾತ್ರ ಹೊಳೆಯುವ ವಾರ್ನಿಶ್. ಇಡ್ಲಿಗೆ ಹಳೆಯ ಟೂತ್‌ಬ್ರಶ್‌ನಿಂದ ಮೆಲ್ಲಗೆ ಕುಟ್ಟಿದರೆ ಸಾಕು, ಹುದುಗಿದ ಹಿಟ್ಟಿನ ತೂತು ಬರುತ್ತದೆ. ಒಲೆಯ ಒಳಗೆ ಮಸಿ, ತಟ್ಟೆಯ ಅಂಚಿಗೆ ಸಣ್ಣ ತಗ್ಗು, ಹಂಡೆಯ ತಳಕ್ಕೆ ಕರಿ. ಬಳಸಿದ ಗುರುತು ಇರುವ ವಸ್ತುವೇ ನನ್ನಲ್ಲಿ ಮೊದಲು ಖಾಲಿಯಾಗುವುದು. ಹೊಸ ಹಂಡೆ ಯಾರಿಗೂ ಬೇಡ.

ಬೆಲೆ: ನಿಮ್ಮ ಗಂಟೆಗೆ ನೀವೇ ಕೂಲಿ ಕೊಡಿ

ಇಲ್ಲಿ ಎಲ್ಲರೂ ಎಡವುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು. "ಸುಮ್ನೆ ಟೈಮ್‌ಪಾಸ್‌ಗೆ ಮಾಡೋದು" ಎಂದು ನಮ್ಮ ಕೆಲಸಕ್ಕೆ ನಾವೇ ಸೊನ್ನೆ ಹಾಕಿಕೊಳ್ಳುತ್ತೇವೆ. ನನ್ನ ಫಿಲ್ಟರ್ ಸೆಟ್ಟಿನ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ. ಸಾಮಾನಿಗೆ 35 ರೂಪಾಯಿ. 50 ನಿಮಿಷಕ್ಕೆ, ಗಂಟೆಗೆ 150ರಂತೆ, 125. ಫೋಟೊ, ಗ್ರಾಹಕರ ಮೆಸೇಜು, ಪ್ಯಾಕಿಂಗ್, ಅಂಚೆ ಕಚೇರಿ ಓಡಾಟ ಎಲ್ಲ ಹಂಚಿ 20 ನಿಮಿಷ ಎಂದರೆ 50. ಡಬ್ಬಿ, ಟಿಶ್ಯೂಗೆ 30. ಒಟ್ಟು 240. ಹನ್ನೆರಡರಲ್ಲಿ ಒಂದಾದರೂ ಹಾಳಾಗುತ್ತದೆ, ಅದಕ್ಕೆ ಶೇ. 10 ಸೇರಿಸಿದರೆ 264. ಇದು ಖರ್ಚು, ಲಾಭ ಅಲ್ಲ. ಉಪಕರಣ, ಪೇಮೆಂಟ್ ಶುಲ್ಕ, ಮಾರಾಟವಾಗದೆ ಉಳಿಯುವ ಸರಕು, ಸ್ವಲ್ಪ ಲಾಭ ಎಂದು ಶೇ. 40 ಹಾಕಿದರೆ ಸುಮಾರು 370. ನಾನು 380ಕ್ಕೆ ಮಾರುತ್ತೇನೆ, ಅಂಚೆ ವೆಚ್ಚ ಬೇರೆ.

"ಇಷ್ಟು ಪುಟ್ಟದಕ್ಕೆ ಇಷ್ಟಾ? ಇದೇ ದುಡ್ಡಿಗೆ ನಿಜವಾದ ಫಿಲ್ಟರೇ ಬರುತ್ತಲ್ಲ ಅಕ್ಕ!" ವಾರಕ್ಕೊಮ್ಮೆ ಈ ಮೆಸೇಜು ಗ್ಯಾರಂಟಿ. ವಾದ ಮಾಡಬೇಡಿ. "ಹೌದು, ಚಿಕ್ಕದು ಮಾಡೋದೇ ಕಷ್ಟ" ಎಂದು ಒಂದು ನಗು ಕಳುಹಿಸಿ ಬಿಟ್ಟುಬಿಡಿ. ಅವರಿಗಾಗಿ 60, 80, 100 ರೂಪಾಯಿಯ ಒಂಟಿ ವಸ್ತು ನಾಲ್ಕೈದು ಇಟ್ಟಿರಿ: ಒಂದು ಲೋಟ, ಒಂದು ಊದುಗೊಳವೆ. ಬೆಲೆ ಕೇಳಿ ಹೋದವರಲ್ಲಿ ಕೆಲವರು ಅದರಿಂದ ಶುರು ಮಾಡಿ ಇಡೀ ಒಲೆಗೆ ಬಂದಿದ್ದಾರೆ.

ಆಟಿಕೆಯೋ, ಅಲಂಕಾರವೋ?

ಇದು ಬೇಸರದ ಭಾಗ, ಆದರೆ ಬಿಡಬೇಡಿ. 14 ವರ್ಷದ ಒಳಗಿನ ಮಕ್ಕಳು ಆಡುವುದಕ್ಕೆ ಎಂದು ಮಾಡಿದ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ವಸ್ತುಗಳಿಗೆ, ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೆ ಇದರಿಂದ ವಿನಾಯಿತಿ ಇದೆ. ನೀವು ಮಾಡುವುದು ದೊಡ್ಡವರು ಸಂಗ್ರಹಿಸಿ ಇಡುವ ಅಲಂಕಾರಿಕ ವಸ್ತು ಎಂದಾದರೆ ಅದನ್ನು ಎಲ್ಲೆಡೆ ಹಾಗೆಯೇ ಹೇಳಬೇಕು. ಹೆಸರಿನಲ್ಲಿ 'ಮಕ್ಕಳ ಆಟದ ಸೆಟ್' ಎಂದು ಬರೆದು, ಮಗುವಿನ ಕೈಲಿ ಕೊಟ್ಟು ಫೋಟೊ ತೆಗೆದು, ಕೆಳಗೆ ಸಣ್ಣ ಅಕ್ಷರದಲ್ಲಿ 'ಆಟಿಕೆ ಅಲ್ಲ' ಎಂದರೆ ಅದು ನಡೆಯುವ ಮಾತಲ್ಲ.

ಕಾನೂನು ಪಕ್ಕಕ್ಕಿಡಿ. ನಮ್ಮ ಲೋಟ 7.5 ಮಿ.ಮೀ. ಮೂರು ವರ್ಷದ ಒಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿ.ಮೀ. ಅಗಲದ ಒಂದು ಕೊಳವೆ ಇರುತ್ತದೆ. ಅದರೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಮಗುವಿನ ಗಂಟಲಿಗೆ ಅಪಾಯ ಎಂದು ಲೆಕ್ಕ. ನಮ್ಮ ಸಾಮಾನಿನಲ್ಲಿ ಮುಕ್ಕಾಲು ಪಾಲು ಅದರಲ್ಲಿ ಇಳಿಯುತ್ತದೆ. ಎಚ್ಚರಿಕೆಯನ್ನು ಅಂಗಡಿಯ ಪುಟದಲ್ಲೂ ಹಾಕಿ, ಡಬ್ಬಿಯ ಮೇಲೂ ಹಾಕಿ, ಕನ್ನಡದಲ್ಲೂ ಹಾಕಿ.

ಎಲ್ಲಿ ಮಾರುವುದು, ಜಿಎಸ್‌ಟಿ ಏನು ಕಥೆ

ಶುರುವಿಗೆ ಇನ್‌ಸ್ಟಾಗ್ರಾಂ ಪುಟ, ವಾಟ್ಸ್ಆ್ಯಪ್ ಬಿಸಿನೆಸ್, ಯುಪಿಐ ಸಾಕು. ತಿಂಗಳಿಗೆ 20, 30 ಆರ್ಡರ್ ದಾಟಿದ ಮೇಲೆ ಮೆಸೇಜಿನಲ್ಲಿ ವಿಳಾಸ ಹುಡುಕುತ್ತಾ ಕೂರುವುದು ತಲೆನೋವು. ಆಗ ಸ್ವಂತ ವೆಬ್‌ಸೈಟ್ ಮಾಡಿಸಿ. ದೊಡ್ಡ ಮಾರುಕಟ್ಟೆ ತಾಣಗಳು ನಮ್ಮ ಸರಕಿಗೆ ಹೊಂದುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಕೊಳ್ಳುವವರು ಬೆಲೆ ನೋಡುತ್ತಾರೆ, ಮನಸ್ಸು ಬದಲಾದರೆ ವಾಪಸ್ ಕಳುಹಿಸುತ್ತಾರೆ. ಬರುವಷ್ಟರಲ್ಲಿ ಕಡಗೋಲು ಮುರಿದಿರುತ್ತದೆ. ಹೊರದೇಶದ ಸಂಗ್ರಾಹಕರು ಬೇಕೆಂದರೆ ಕೈಕೆಲಸದ ವಸ್ತುಗಳ ವಿದೇಶಿ ತಾಣ ಎಟ್ಸಿ. ಒಂದು ವಸ್ತುವನ್ನು ನಾಲ್ಕು ತಿಂಗಳು ಪಟ್ಟಿಯಲ್ಲಿಡಲು 0.20 ಡಾಲರ್, ಮಾರಾಟವಾದರೆ ಅಂಚೆ ವೆಚ್ಚವೂ ಸೇರಿದ ಮೊತ್ತದ ಮೇಲೆ ಶೇ. 6.5, ಪೇಮೆಂಟ್ ಶುಲ್ಕ ಅದರ ಮೇಲೆ. ಇದನ್ನು ಬೆಲೆಯಲ್ಲಿ ಸೇರಿಸದೆ ಹೋದರೆ ಲಾಭವೆಲ್ಲ ಅಲ್ಲೇ ಸೋರುತ್ತದೆ.

ತೆರಿಗೆಗೆ ಬಂದರೆ, ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಅದು ರಾಜ್ಯದ ಒಳಗಿನ ಮಾರಾಟಕ್ಕೆ. ಮೈಸೂರಿನಿಂದ ಚೆನ್ನೈಗೆ ಒಂದು ಒಲೆ ಕಳುಹಿಸಿದರೂ ಅದು ಹೊರರಾಜ್ಯದ ಮಾರಾಟ, ಅಲ್ಲಿ 40 ಲಕ್ಷದ ಮಾತು ಅನ್ವಯಿಸುವುದಿಲ್ಲ. ಪಟ್ಟಿಯಲ್ಲಿರುವ ಕೆಲವು ಕರಕುಶಲ ವಸ್ತುಗಳಿಗೆ ಒಂದು ಮಿತಿಯವರೆಗೆ ವಿನಾಯಿತಿ ಇದೆ. ನಿಮ್ಮ ವಸ್ತು ಅದರಲ್ಲಿ ಬರುತ್ತದೆಯೇ ಎಂದು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ. 2023ರ ಅಕ್ಟೋಬರ್ 1ರಿಂದ ಮಾರುಕಟ್ಟೆ ತಾಣಗಳ ಮೂಲಕ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರು ಪೂರ್ತಿ ನೋಂದಣಿ ಇಲ್ಲದೆ, ಪ್ಯಾನ್ ಮೇಲೆ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಮಾರಬಹುದು. ನಾನು ನೋಂದಣಿ ಮಾಡಿಸಿಬಿಟ್ಟೆ. ನನ್ನ ಗ್ರಾಹಕರಲ್ಲಿ ಅರ್ಧ ಜನ ಹೊರಗಿನವರು.

ಇನ್ನೊಂದು, ಅಂಗಡಿಗೆ ಬೇರೆಯೇ ಬ್ಯಾಂಕ್ ಖಾತೆ ಇಡಿ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಏನೆಲ್ಲ ಗಲಾಟೆಯಾಯಿತು ನೆನಪಿದೆಯಲ್ಲ. ತಂಗಿ ಕಳುಹಿಸಿದ ಬಾಡಿಗೆ ಹಣವೂ ಒಲೆ ಮಾರಿದ ಹಣವೂ ಒಂದೇ ಖಾತೆಯಲ್ಲಿದ್ದರೆ ಬಿಡಿಸಿ ತೋರಿಸುವುದು ಯಾರು? ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತದೆ. ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ.

ಫೋಟೊ: ಗೊಂಬೆಯ ಕಣ್ಣಿನ ಎತ್ತರದಿಂದ

ಒಳ್ಳೆಯ ಕ್ಯಾಮೆರಾ ಬೇಡ. ಬೆಳಗಿನ ಹೊತ್ತು ನೇರ ಬಿಸಿಲು ಬೀಳದ ಕಿಟಕಿ, ಎದುರು ಬದಿಗೆ ಒಂದು ಬಿಳಿ ಥರ್ಮೋಕೋಲ್ ಹಾಳೆ. ಫೋನನ್ನು ತೀರಾ ಹತ್ತಿರ ಒಯ್ಯಬೇಡಿ, ಮುಂಭಾಗ ಮಾತ್ರ ಸ್ಪಷ್ಟವಾಗಿ ಹಿಂಭಾಗ ಮಸುಕಾಗುತ್ತದೆ. ಸ್ವಲ್ಪ ಹಿಂದೆ ಸರಿದು ಎರಡರಷ್ಟು ಝೂಮ್ ಮಾಡಿ. ಐದೂವರೆ ಅಡಿ ಮನುಷ್ಯ 1:12ರಲ್ಲಿ ಐದೂವರೆ ಇಂಚು. ಲೆನ್ಸ್ ಮೇಜಿನಿಂದ ಸುಮಾರು ಐದು ಇಂಚು ಮೇಲಿದ್ದರೆ ನಿಂತು ನೋಡಿದ ಹಾಗೆ ಕಾಣುತ್ತದೆ. ಮೇಲಿನಿಂದ ತೆಗೆದರೆ ಆಟಿಕೆ ಎಂದು ತಕ್ಷಣ ಗೊತ್ತಾಗಿಬಿಡುತ್ತದೆ. ತೆಗೆಯುವ ಮುಂಚೆ ಮೃದು ಬ್ರಶ್‌ನಿಂದ ಧೂಳು ಹೊಡೆಯಿರಿ. ಒಂದು ಕೂದಲು ಫೋಟೊದಲ್ಲಿ ಬಾವಿ ಹಗ್ಗದ ಹಾಗೆ ಬೀಳುತ್ತದೆ.

ಈಗ ನನ್ನ ನಿಯಮ: ಪ್ರತಿ ವಸ್ತುವಿಗೆ ಮೊದಲ ಫೋಟೊ ಚೆಂದದ್ದು, ಎರಡನೆಯದು ಅಂಗೈ ಮೇಲೆ ಇಟ್ಟದ್ದು, ಮೂರನೆಯದು ಸ್ಕೇಲ್ ಪಟ್ಟಿ ಪಕ್ಕದಲ್ಲಿ. ನಮ್ಮವರಿಗೆ ಹತ್ತು ರೂಪಾಯಿ ನಾಣ್ಯ ಇನ್ನೂ ಬೇಗ ಅರ್ಥವಾಗುತ್ತದೆ, ಅದರ ಅಗಲ 27 ಮಿ.ಮೀ. ದೋಸೆ ಅದಕ್ಕಿಂತ ಸ್ವಲ್ಪವೇ ಚಿಕ್ಕದು. ವಿವರಣೆಯ ಮೊದಲ ಸಾಲೇ ಹೀಗಿರಲಿ: 'ಪುಟಾಣಿ ಅಲಂಕಾರಿಕ ಒರಳುಕಲ್ಲು, ಅಗಲ 37 ಮಿ.ಮೀ., ಅಡುಗೆಗೆ ಬಳಸುವಂಥದ್ದಲ್ಲ'. ಹೀಗೆ ಬರೆಯತೊಡಗಿದ ಮೇಲೆ ಚಟ್ನಿಯ ಫೋನು ಮತ್ತೆ ಬಂದಿಲ್ಲ.

ಪ್ಯಾಕಿಂಗ್

ಹತ್ತಿಯಲ್ಲಿ ಸುತ್ತಬೇಡಿ. ಎಳೆಗಳು ಹಿಡಿಕೆಗೆ, ಬಳೆಯಂಥ ಅಂಚಿಗೆ ಸಿಕ್ಕಿಕೊಂಡು ಬಿಡಿಸುವಾಗ ಮುರಿಯುತ್ತವೆ. ಟಿಶ್ಯೂ ಕಾಗದ ಬಳಸಿ, ಅದೂ ಬಣ್ಣದ್ದು. ಬಿಳಿ ಟಿಶ್ಯೂವಿನಲ್ಲಿದ್ದ ಬಿಳಿ ಇಡ್ಲಿಯನ್ನು ಮೂವರು ಗ್ರಾಹಕರು ಕಸಕ್ಕೆ ಹಾಕಿದ ಮೇಲೆ ನನಗೆ ಬುದ್ಧಿ ಬಂತು. ಬಿಡಿ ತುಂಡುಗಳಿಗೆ ಸಣ್ಣ ಜಿಪ್ ಕವರ್. ಮುಚ್ಚಳದ ಒಳಗೆ ದೊಡ್ಡದಾಗಿ 'ಒಳಗೆ 7 ವಸ್ತು ಇವೆ, ಎಣಿಸಿ ನೋಡಿ' ಎಂದು ಬರೆಯಿರಿ.

ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಅದರ ಸುತ್ತ ಬಬಲ್ ಶೀಟ್, ಅದು ಹೊರಗಿನ ರಟ್ಟಿನ ಪೆಟ್ಟಿಗೆಯಲ್ಲಿ. ಅಲುಗಾಡಿಸಿ. ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ. ಹೊಸ ವಸ್ತುವಾದರೆ ಒಂದನ್ನು ಪ್ಯಾಕ್ ಮಾಡಿ ಸೊಂಟದ ಎತ್ತರದಿಂದ ನಾಲ್ಕೈದು ಸಲ ನೆಲಕ್ಕೆ ಬೀಳಿಸಿ ನೋಡಿ. ಕರುಳು ಚುರುಕ್ ಎನ್ನುತ್ತದೆ, ಆದರೂ ಮಾಡಿ. ಗ್ಲೂ ಗನ್ ಅಂಟಿನ ಮೇಲೆ ನಂಬಿಕೆ ಬೇಡ. ಏಪ್ರಿಲ್ ಬಿಸಿಲಿನಲ್ಲಿ ಕಲಬುರಗಿಗೆ ಹೋದ ನನ್ನ ಪಾತ್ರೆ ಸ್ಟ್ಯಾಂಡು ಕಡ್ಡಿ ಕಡ್ಡಿಯಾಗಿ ಬಿಚ್ಚಿಕೊಂಡಿತ್ತು. ಕಳುಹಿಸುವ ಮುಂಚೆ ತೆರೆದ ಡಬ್ಬಿಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಒಡೆದು ತಲುಪಿದರೆ ಎಲ್ಲಿ ಒಡೆಯಿತು ಎಂದು ತಿಳಿಯಲು ಅದೇ ಆಧಾರ.

ಹೊರದೇಶಕ್ಕೆ

ಗೊಂಬೆ ಕೂರಿಸುವ ಕನ್ನಡಿಗರು ನ್ಯೂಜೆರ್ಸಿಯಲ್ಲೂ ಇದ್ದಾರೆ, ಸಿಡ್ನಿಯಲ್ಲೂ ಇದ್ದಾರೆ. ರಫ್ತಿಗೆ ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ ಬೇಕು, ಆನ್‌ಲೈನ್‌ನಲ್ಲಿ 500 ರೂಪಾಯಿ ಶುಲ್ಕ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಸಣ್ಣ ರಫ್ತುದಾರರಿಗೆ ಕಾಗದಪತ್ರದ ನೆರವು ಸಿಗುತ್ತದೆ. ವಿದೇಶದ ಮಾರಾಟವನ್ನೂ ಜಿಎಸ್‌ಟಿಯಲ್ಲಿ ಹೊರರಾಜ್ಯದ ಮಾರಾಟದ ಸಾಲಿಗೇ ಸೇರಿಸುತ್ತಾರೆ. ಆದರೆ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಕೊಟ್ಟರೆ ತೆರಿಗೆ ಕಟ್ಟದೆ ಕಳುಹಿಸಬಹುದು.

ಅಮೆರಿಕಕ್ಕೆ ಮುಂಚೆ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಅದನ್ನು ತೆಗೆದರು. ಆಗ ನಮ್ಮ ಅಂಚೆಯೂ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡಿತು. ಆ ವರ್ಷ ನವರಾತ್ರಿ ಸೆಪ್ಟೆಂಬರ್ 22ಕ್ಕೇ ಶುರುವಾಗಿತ್ತು. ನನ್ನ ಮೇಜಿನ ಮೇಲೆ ಪ್ಯಾಕ್ ಆಗಿ ಕೂತಿದ್ದ ಒಂಬತ್ತು ಶೆಟ್ಟಿ ಅಂಗಡಿಗಳ ಹಣ ವಾಪಸ್ ಮಾಡಿದೆ. ಸುಂಕ ಯಾರು ಕಟ್ಟಬೇಕು ಎಂಬುದನ್ನು ಆರ್ಡರ್ ತೆಗೆದುಕೊಳ್ಳುವಾಗಲೇ ಬರೆದು ತಿಳಿಸಿ, ಕಳುಹಿಸುವ ವಾರ ನಿಯಮ ಮತ್ತೆ ನೋಡಿ. ಆಸ್ಟ್ರೇಲಿಯಾದವರು ಬೀಜ, ಕಾಳು, ಹಸಿ ಮರದ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಮರಳಿನ ಅಕ್ಕಿಗೆ ಇದೂ ಒಂದು ಕಾರಣ.

ಪಂಚಾಂಗ ನೋಡಿ ಕೆಲಸ ಹಂಚಿಕೊಳ್ಳಿ

ನಮ್ಮ ಮಾರಾಟದ ಸುಗ್ಗಿ ದಸರಾ. ಅದು ಪ್ರತಿ ವರ್ಷ ಜಾಗ ಬದಲಿಸುತ್ತದೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂತು. 2026ರಲ್ಲಿ ಅಧಿಕ ಮಾಸ ಇರುವುದರಿಂದ ಅಕ್ಟೋಬರ್ 20ರ ಆಸುಪಾಸಿಗೆ. ಹೀಗಾಗಿ ಕಳೆದ ವರ್ಷದ ತಾರೀಕು ನೋಡಿ ಯೋಜನೆ ಹಾಕಬೇಡಿ. ಮಹಾಲಯ ಅಮಾವಾಸ್ಯೆಯಿಂದ ಹಿಂದಕ್ಕೆ ಎಣಿಸಿ. ನಾನು ಅದಕ್ಕೆ ಹತ್ತು ದಿನ ಮುಂಚೆ ರಾಜ್ಯದೊಳಗಿನ ಆರ್ಡರ್ ನಿಲ್ಲಿಸುತ್ತೇನೆ, ಆರು ವಾರ ಮುಂಚೆ ವಿದೇಶದ್ದು. ಕ್ಲೇ ಕೆಲಸ ಮಳೆ ಹಿಡಿಯುವ ಮುಂಚೆ, ಮೇ ಒಳಗೆ. ಜೂನ್, ಜುಲೈ ಬಣ್ಣ. ಆಗಸ್ಟ್‌ನಲ್ಲಿ ಫೋಟೊ. ಪಿತೃಪಕ್ಷದಲ್ಲಿ ಹೊಸದು ಕೊಳ್ಳಲು ಹಿಂಜರಿಯುವವರು ಇದ್ದಾರೆ, ಅವರು ಅದಕ್ಕೂ ಮೊದಲೇ ಬಂದು ತೆಗೆದುಕೊಳ್ಳುತ್ತಾರೆ.

ಹೇಳಿ ಮಾಡಿಸುವ ಕೆಲಸ ಸುಗ್ಗಿಯಲ್ಲಿ ಬೇಡ. ಜನವರಿಯಿಂದ ಏಪ್ರಿಲ್ ಅದಕ್ಕೆ ಒಳ್ಳೆಯದು. "ಮಾರಿಬಿಟ್ಟ ನಮ್ಮ ಅಜ್ಜಿ ಮನೆ ಬೇಕು" ಎಂದು ಕೇಳುವವರು ಹೆಚ್ಚು. ಅರ್ಧ ಹಣ ಮುಂಗಡ, ಎರಡು ಹಂತದಲ್ಲಿ ಫೋಟೊ ತೋರಿಸಿ ಒಪ್ಪಿಗೆ, ಬಣ್ಣ ಹಾಕಿದ ಮೇಲೆ ಬದಲಾವಣೆಗೆ ಬೇರೆ ದರ. ಇದನ್ನು ಮಾತಿನಲ್ಲಿ ಬಿಡದೆ ಬರೆದು ಕಳುಹಿಸಿ. ನೆನಪಿನಿಂದ ಅಳತೆ ಹೇಳುವವರು ಯಾವಾಗಲೂ ದೊಡ್ಡದು ಹೇಳುತ್ತಾರೆ, ಚಿಕ್ಕವರಿದ್ದಾಗ ನೋಡಿದ್ದಲ್ವಾ. "ಆ ಕಂಬದ ಪಕ್ಕ ಯಾರಾದರೂ ನಿಂತಿರುವ ಹಳೆಯ ಫೋಟೊ ಇದೆಯಾ?" ಎಂದು ಕೇಳಿ. ಮಾವನ ಎತ್ತರ ಗೊತ್ತಾದರೆ ಕಂಬದ ಎತ್ತರ ಸಿಗುತ್ತದೆ.

ಉಳಿಕೆ ಡಬ್ಬಿ

ಪ್ರತಿ ಡಜನ್‌ನಲ್ಲಿ ಒಂದನ್ನು ಮಾರದೆ ಇಡಿ. ಹಳೆಯ ಮಾತ್ರೆ ಡಬ್ಬಿಗಳಲ್ಲಿ ತಿಂಗಳು ಬರೆದು, ಆ ಸಲ ಕಲಸಿದ ಬಣ್ಣದ ಒಂದು ಗೆರೆಯನ್ನು ಚೀಟಿಗೆ ಹಚ್ಚಿ ಒಳಗೆ ಹಾಕಿ. ಪುಟ್ಟ ವಸ್ತು ಕಳೆಯುವುದಕ್ಕೇ ಇರುವುದು. ಕೆಲಸದವರು ಗುಡಿಸುತ್ತಾರೆ, ಬೆಕ್ಕು ಒದೆಯುತ್ತದೆ, ಗೊಂಬೆ ಇಳಿಸುವಾಗ ಪೆಟ್ಟಿಗೆಯ ಸಂದಿಗೆ ಬೀಳುತ್ತದೆ. ಎರಡು ವರ್ಷದ ಮೇಲೆ ಯಾರೋ ಮೆಸೇಜ್ ಮಾಡುತ್ತಾರೆ, "ಫಿಲ್ಟರಿನ ಮುಚ್ಚಳ ಒಂದೇ ಕಳೆದುಹೋಗಿದೆ, ಸಿಗುತ್ತಾ?" ನಾನು ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಅಂಚೆ ವೆಚ್ಚ ಮಾತ್ರ. ಹೋದ ವಾರ ಹಾಗೆ ಒಂದು ಮುಚ್ಚಳ ಹಾಸನಕ್ಕೆ ಹೋಯಿತು. ಕ್ಯಾಲಿಪರ್‌ನಲ್ಲಿ ಅಳೆದೇ ಕಳುಹಿಸಿದೆ, 6 ಮಿ.ಮೀ.